ಸೂಜಿಯ ಪಾಳಿ

ಭರಮುನ ಕೆಮ್ಮನ್ನು ನಾನು ಊರ ಮುಂದೆ ಕೆಮ್ಮಿ ತೋರಿಸಬೇಕು. ರಾವಸಾಹೇಬರು ಕರೆಸಿದ್ದು ಅದಕ್ಕೆ.

ಅವರು ಕಟ್ಟೆಯ ಮೇಲೆ ಗಾದಿ ಹಾಕಿಕೊಂಡು ಕೂತಿದ್ದರು. ನಾನು ಅಂಗಳದ ಬಿಸಿಲಿನಲ್ಲಿ ನಿಂತಿದ್ದೆ. ಅವರ ಬಾಯಿ ತುಂಬ ಎಲೆಯಡಿಕೆ. ಮಾತಿಗೆ ಮೊದಲು ಉಗುಳುವುದು ಅವರ ಪದ್ಧತಿ. ಉಗುಳಿದರು. ನನ್ನ ಕಾಲ ಪಕ್ಕಕ್ಕೆ ಬಿತ್ತು. ನಾನು ಸರಿಯಲಿಲ್ಲ. ಸರಿದರೆ ಮುಂದಿನದು ಕಾಲ ಮೇಲೆಯೇ ಬೀಳುತ್ತದೆ.

“ಲೇ ಭೀಮ್ಯಾ, ಆಯ್ತವಾರ ಡಾಕ್ಟರ್ ಜೀಪು ಬರ್ತೈತಿ. ಏಡ್ಸ್ ಜಾಗೃತಿ ಕಾರ್ಯಕ್ರಮ. ನೀ ಕಂಡೋರ್ದೆಲ್ಲಾ ನಕಲು ಮಾಡ್ತಿ ಅಲಾ, ಅವತ್ತ ಭರಮ್ಯಾಂದು ಮಾಡು. ಹೆಂಗ ನಡೀತಾನ, ಹೆಂಗ ಕೆಮ್ಮತಾನ, ಹೆಂಗ ಕುಂಡಿ ಹಿಡಕೊಂಡು ಬಯಲಕಡಿಗೆ ಓಡ್ತಾನ, ಎಲ್ಲಾ. ಮಂದಿ ನಗಬೇಕು. ನಕ್ಕ ಮ್ಯಾಲ ಅಂಜಬೇಕು.”

“ಅಂಜಿದ ಮ್ಯಾಲ್ರಿ?”

“ಅಂಜಿದ ಮ್ಯಾಲ ನಾ ಮಾತಾಡ್ತೇನು. ಇಂಥಾ ರೋಗ ಊರಾಗ ಇಟ್ಕೊಂಡು ಕುಂದ್ರಾಕ ಆಗೂದಿಲ್ಲ. ಸೋಮವಾರ ಟ್ರ್ಯಾಕ್ಟರ್ ಕಳಿಸ್ತೇನು. ಅವನ್ನ, ಅವನ ಹೇಂತಿನ್ನ, ಅವರ ಗಂಟು ಗದಡಿ ಹೇರಿಕೊಂಡು ಹೋಗಿ ಹೊಳಿದಂಡಿ ಮ್ಯಾಲಿನ ಹಾಳ ಇಟ್ಟಂಗಿ ಭಟ್ಟ್ಯಾಗ ಬಿಟ್ಟ ಬರೂದು. ಡಾಕ್ಟರ್ ಮುಂದ ಊರು ಹೂಂ ಅಂದ್ರ ಮುಗೀತು.”

“ಹೂಂರಿ,” ಅಂದೆ. ಬಿಸಿಲಿನಲ್ಲಿ ನಿಂತವನ ಬಾಯಿಂದ ಅದೊಂದೇ ಮಾತು ಬರುವುದು.

ನಮ್ಮೂರು ಇರುವುದು ಕೃಷ್ಣೆಯ ದಂಡೆಯಲ್ಲಿ, ಜುಗೂಳಕ್ಕೂ ಶೇಡಬಾಳಕ್ಕೂ ನಡುವೆ. ಹೊಳೆ ಕಡೆಗೆ ಕಬ್ಬು, ಏರಿನ ಕಡೆಗೆ ದ್ರಾಕ್ಷಿ. ಎರಡೂ ಸಿಹಿ. ಎರಡೂ ರಾವಸಾಹೇಬರವು. ನಾನು ಚಿಕ್ಕೋಡಿಯಲ್ಲಿ ಓದಿ ಬಿ.ಎ. ತಂದೆ. ಊರಿನ ಬಾಯಲ್ಲಿ ಅದು ‘ಬೇ’ ಆಗಿಯೇ ಉಳಿಯಿತು. ಯಾಕ ಬೇ, ಎಲ್ಲಿಗೆ ಬೇ, ಒಂದು ನಕಲು ಮಾಡು ಬೇ. ಮಿರಜ ಸ್ಟೇಷನ್ನಿನ ಅನೌನ್ಸ್‌ಮೆಂಟು, ಅಥಣಿ ಡಿಪೋದ ಕಂಡಕ್ಟರು, ಓಟು ಕೇಳುವ ಸಾಹೇಬರು, ಮರಿ ಹಾಕಿದ ಹಂದಿ, ಎಲ್ಲ ನನ್ನ ಗಂಟಲಿನಲ್ಲಿದ್ದವು. ಚಹಾದಂಗಡಿಯ ಮುಂದೆ ನಕಲು ಮಾಡಿದರೆ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಚಹಾ ಕೊಡಿಸುತ್ತಿದ್ದರು. ಕೇರಿಯವರ ಕಪ್ಪಿನಲ್ಲಿ. ಆ ಕಪ್ಪು ತಗಡಿನ ಮಾಡಿನ ಕಂಬಕ್ಕೆ ನೇತುಹಾಕಿರುತ್ತಿತ್ತು. ಕುಡಿದು ನಾನೇ ತೊಳೆದು ನೇತುಹಾಕಬೇಕು.

ಜಾಗೃತಿ ಅನ್ನುವ ಮಾತಿನಲ್ಲಿ ಮೊದಲು ಬರುವುದು ಜಾಗ. ನಮ್ಮ ಜಾಗ ಯಾವುದೆಂದು ತೋರಿಸಲು ಈ ಸಲ ಜೀಪು ಬರುತ್ತಿತ್ತು. ಅದು ತೊಂಬತ್ತೇಳನೆಯ ಇಸವಿ.

ಭರಮು ನನ್ನ ದೊಡ್ಡಪ್ಪನ ಮಗ. ರಾವಸಾಹೇಬರ ಕಬ್ಬು ಹೇರುವವನು. ಕಬ್ಬು ಹೇರುವುದೆಂದರೆ ಏನೆಂದು ಸಕ್ಕರೆ ತಿನ್ನುವವರಿಗೆ ಗೊತ್ತಿಲ್ಲ. ಟ್ರಾಲಿಗೆ ಒಂದು ಹಲಗೆ ಒರಗಿಸಿರುತ್ತಾರೆ. ಪಾದ ಇಟ್ಟರೆ ಮುಗಿಯಿತು, ಅಷ್ಟೇ ಅಗಲ. ತಲೆಯ ಮೇಲೆ ಕಬ್ಬಿನ ಹೊರೆ ಹೊತ್ತು ಆ ಹಲಗೆ ಹತ್ತಬೇಕು. ಮೇಲೆ ಕೊಡವಬೇಕು. ಇಳಿಯಬೇಕು. ಮತ್ತೆ ಹೊರಬೇಕು. ಗರಿ ಕತ್ತು ಕೊಯ್ಯುತ್ತದೆ. ಕೊಯ್ದ ಕತ್ತಿಗೆ ಬೆವರು ಇಳಿಯುತ್ತದೆ. ಕಣ್ಣಿಗೆ ದೂಳು. ಒರೆಸಿಕೊಳ್ಳಲು ಕೈ ಖಾಲಿ ಇಲ್ಲ. ಕಾರ್ಖಾನೆಯವರು ಕೊಟ್ಟ ಪಾಳಿ ತಪ್ಪಿದರೆ ಕಬ್ಬು ಒಣಗುತ್ತದೆಂದು ಮಾಲೀಕ ಬೊಬ್ಬೆ ಹೊಡೆಯುತ್ತಾನೆ. ಹೇರುವವನು ಒಣಗಿದರೆ ಬೊಬ್ಬೆಯಿಲ್ಲ.

ಒಂದು ಸುಗ್ಗಿಯಲ್ಲಿ ಭರಮುನ ನಡು ಹಿಡಿಯಿತು. ಹೊರೆ ಎತ್ತಲು ಬಗ್ಗಿದವನು ಬಗ್ಗಿಯೇ ಉಳಿದ. ರಾವಸಾಹೇಬರ ಮಗ ಬಾಬಾಸಾಹೇಬ ಮೋಟಾರ್‌ಸೈಕಲ್ ಇಳಿದು ಬಂದ. ಸಾಂಗಲಿಗೆ ಇಂಜಿನಿಯರಿಂಗ್ ಕಲಿಯಲು ಹೋದವನು ಅವನು. ಇಂಜೆಕ್ಷನ್ ಕಲಿತು ಬಂದಿದ್ದ.

“ಅರೇ, ಕಾಯ್ ಝಾಲಂ ರೇ, ಏನಾತೋ? ಪಂಪಶೆಡ್ಡಿಗೆ ನಡಿ. ಒಂದ ಸೂಜಿ ಮಾಡ್ತೇನು. ಕುದುರಿ ಆಗ್ತಿ ನೋಡು.”

ಭರಮು ಕುದುರೆಯಾದ. ಹೊತ್ತು ಮುಳುಗುವುದರೊಳಗೆ ಎರಡು ಟ್ರಾಲಿ ತುಂಬಿದ. ಸೂಜಿ ಇಳಿದ ಮೇಲೆ ಕತ್ತೆಗಿಂತ ಕಡೆಯಾದ. ಮೈ ನಡುಗಿತು, ಮೂಗು ಸೋರಿತು, ಮೂಳೆಯೊಳಗೆ ಇರುವೆ ಹರಿದವು. ಮತ್ತೆ ಕುದುರೆಯಾಗಲು ಮತ್ತೆ ಸೂಜಿ ಬೇಕಾಯಿತು. ನೋವಿಗೆಂದು ಹೋದವನು ಆಮೇಲೆ ಸೂಜಿಗೆಂದೇ ಹೋದ. ರಾವಸಾಹೇಬರು ಒಂದೆರಡು ಸಲ ಪಂಪಶೆಡ್ಡಿನ ಬಾಗಿಲಲ್ಲಿ ನಿಂತು ಇದನ್ನು ನೋಡಿದ್ದುಂಟು. “ಹಾಕ್ರಿ ಹಾಕ್ರಿ, ಇಂಜನ್ನಿಗೆ ಆಯಿಲ್ ಹಾಕಿದಂಗ,” ಎಂದು ನಕ್ಕು ಹೋಗಿದ್ದರು.

ಕಾಲೇಜಿನ ರಜೆಯಲ್ಲಿ ನಾನು ಆ ಹೊಲಕ್ಕೆ ನೀರು ಹಾಯಿಸುತ್ತಿದ್ದೆ. ಪಂಪಶೆಡ್ಡಿನ ಬಾಗಿಲ ಹೊರಗೆ ನನ್ನ ಜಾಗ. ಅಲ್ಲಿಂದ ಎಲ್ಲ ಕಾಣುತ್ತಿತ್ತು, ಎಲ್ಲ ಕೇಳುತ್ತಿತ್ತು. ಒಳಗೆ ಅವರು ಗೋಣಿತಟ್ಟಿನ ಮೇಲೆ ಕೂರುತ್ತಿದ್ದರು. ಒಂದೇ ಸಿರಿಂಜು, ಒಂದೇ ಸೂಜಿ. ಆದರೆ ಪಾಳಿ ಇತ್ತು. ಮೊದಲು ಬಾಬಾಸಾಹೇಬ. ಅವನದಾದ ಮೇಲೆ ಗುರಪ್ಪ, ಟ್ರ್ಯಾಕ್ಟರಿನ ಡ್ರೈವರು, ಅವರ ಜಾತಿಯವನೇ, ಹೊಲ ಮಾತ್ರ ಇಲ್ಲ. ಆಮೇಲೆ ಸತ್ಯಪ್ಪ, ಡೇರಿಯಲ್ಲಿ ಹಾಲು ಅಳೆಯುವವನು. ಆಮೇಲೆ ಮಾಯಪ್ಪ, ಕುರಿ ಕಾಯುವವನು. ಎಲ್ಲರದೂ ಮುಗಿದ ಮೇಲೆ ಭರಮು.

ಭರಮುನ ಕೈಗೆ ಯಾರೂ ಸೂಜಿ ಕೊಡುತ್ತಿರಲಿಲ್ಲ. ನೆಲದ ಮೇಲೆ ಇಡುತ್ತಿದ್ದರು. ಅವನು ಎತ್ತಿಕೊಳ್ಳಬೇಕು. ಅಷ್ಟು ಹೊತ್ತಿಗೆ ಸಿರಿಂಜಿನ ತಳದಲ್ಲಿ ಉಳಿದ ಔಷಧ ಔಷಧದ ಬಣ್ಣದಲ್ಲಿರುತ್ತಿರಲಿಲ್ಲ. ಗುರಪ್ಪನ ಹೊತ್ತಿಗೇ ಗುಲಾಬಿಯಾಗುತ್ತಿತ್ತು. ಭರಮುನ ಹತ್ತಿರ ಬರುವಾಗ ಕೆಂಪು. ಮದುವೆಮನೆಯ ಹಿತ್ತಲಲ್ಲಿ ನಮಗೆ ಬೀಳುವ ಅನ್ನವಿದ್ದ ಹಾಗೆ. ಎಲ್ಲರ ಎಂಜಲು, ಕಡೆಗೆ ನಮಗೆ. ಇದು ನೆತ್ತರಿನ ಎಂಜಲು, ಅಷ್ಟೇ ಫರಕು. ಚಹಾದಂಗಡಿಯಲ್ಲಿ ಕಪ್ಪು ಬೇರೆ. ಪಂಪಶೆಡ್ಡಿನಲ್ಲಿ ಕೆಂಪು ಒಂದೇ.

ಅವನು ಚುಚ್ಚಿಕೊಂಡ ಮೇಲೆ ಆ ಸೂಜಿ ಮೈಲಿಗೆ. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಅವನೇ ಒಯ್ದು ಹೊಳೆಗೆ ಎಸೆದು ಬರಬೇಕು. ಮರುದಿನಕ್ಕೆ ಮಿರಜಿನಿಂದ ಹೊಸದು. ಭರಮು ಸೇರುವ ಮೊದಲು ಒಂದೇ ಸೂಜಿ ಮೊಂಡಾಗುವ ತನಕ ನಡೆಯುತ್ತಿತ್ತಂತೆ. ಅವನು ಸೇರಿದ ಮೇಲೆ ಬಾಬಾಸಾಹೇಬನಿಗೆ ದಿನವೂ ಹೊಸ ಸೂಜಿ.

ಬಾಬಾಸಾಹೇಬ ಅದರ ಹಿಂದಿನ ವರ್ಷ ಸತ್ತ. ತೆಳ್ಳಗಾದ. ಕೆಮ್ಮಿದ. ಬಾಯಿ ತುಂಬ ಬಿಳಿ ಹುಣ್ಣು. ಹೊಟ್ಟೆ ನಿಲ್ಲಲಿಲ್ಲ. ಮಿರಜಿನ ದವಾಖಾನೆಯಲ್ಲಿ ಹೋದ. ಮನೆಯವರು ಕಾಮಾಲೆ ಎಂದರು. ಊರೂ ಕಾಮಾಲೆ ಎಂದಿತು. ದ್ರಾಕ್ಷಿತೋಟದ ನಡುವೆ ಹಾಸುಗಲ್ಲಿನ ಸಮಾಧಿ ಕಟ್ಟಿಸಿದರು. ಮರುವರ್ಷ ಭರಮು ತೆಳ್ಳಗಾದ. ಅದೇ ಕೆಮ್ಮು. ಅದೇ ಬಿಳಿ ಹುಣ್ಣು. ಅದೇ ಹೊಟ್ಟೆ. ಗುರಪ್ಪನೇ ಅವನನ್ನು ಟ್ರ್ಯಾಕ್ಟರಿನಲ್ಲಿ ಮಿರಜಿಗೆ ಒಯ್ದ. ರಕ್ತ ನೋಡಿದ ಡಾಕ್ಟರು ಭರಮುಗೆ ಮೆಲ್ಲಗೆ ಹೇಳಿದ್ದನ್ನು ಗುರಪ್ಪ ಚಹಾದಂಗಡಿಯಲ್ಲಿ ಜೋರಾಗಿ ಹೇಳಿದ.

ಸಾವುಕಾರನ ಮಗನಿಗೆ ಬಂದರೆ ಕಾಮಾಲೆ. ಕೇರಿಯವನಿಗೆ ಬಂದರೆ ಏಡ್ಸ್.

“ನಿಪ್ಪಾಣಿ ತಂಬಾಕ ಪ್ಯಾಟ್ಯಾಗ ಯಾವಾಕಿ ಕೂಡರೆ ಮಲಗಿದ್ದಾನು,” ಎಂದ ಒಬ್ಬ. ಭರಮು ನಿಪ್ಪಾಣಿ ನೋಡಿದವನೇ ಅಲ್ಲ.

“ನಿಮಗೇನೂ ಅಂಜಿಕಿ ಇಲ್ಲೇನೋ, ಸೂಜಿ ಅವನ ಕೂಡ ಮಾಡ್ಕೋತಿದ್ರಿ?” ಎಂದು ಯಾರೋ ಕೇಳಿದರು.

ಗುರಪ್ಪ ನಕ್ಕ. “ನಮಗ ಹೆಂಗ ಬರ್ತೈತೋ? ಅವನ ಹಿಂದ ನಾವು ಯಾವತ್ತೂ ತಗೊಂಡಿಲ್ಲ. ಅಂವ ನಮ್ಮ ಹಿಂದ. ನಾವು ಮ್ಯಾಲಿನಾವ್ರು.”

ಎಲ್ಲರೂ ತಲೆಯಾಡಿಸಿದರು. ಅವರಿಗೆ ಅದು ಸರಿಯಾಗಿಯೇ ಕೇಳಿಸಿತು. ಮೈಲಿಗೆ ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ ಎಂದು ಹುಟ್ಟಿದಾಗಿನಿಂದ ಕಲಿತವರು ಅವರು. ರೋಗವೂ ಹಾಗೇ ಹತ್ತುತ್ತದೆ ಎಂದುಕೊಂಡರು. ಮೇಲಿನಿಂದ ಏನಾದರೂ ಇಳಿಯಬಹುದೆಂದು ಯಾವನ ತಲೆಗೂ ಹೊಳೆಯಲಿಲ್ಲ. ಪಂಪಶೆಡ್ಡು ಖಾಲಿಯಾಗಲಿಲ್ಲ. ಬಾಬಾಸಾಹೇಬ ಸತ್ತ, ಭರಮು ಬಿದ್ದ. ನಡುವಿನ ಮೂವರು ಹಾಗೇ ಕೂತಿದ್ದರು. ಈಗ ಗುರಪ್ಪನ ಪಾಳಿ ಮೊದಲು.

ರಾವಸಾಹೇಬರ ಅಂಗಳದಿಂದ ನಾನು ನೇರ ಭರಮುನ ಮನೆಗೆ ಹೋದೆ. ಅವನ ಹೆಂಡತಿ ರಾಮವ್ವ ವೈನಿ ಬಾಗಿಲಲ್ಲಿ ಕೂತು ಜೋಳ ಬೀಸುತ್ತಿದ್ದಳು. ಗಿರಣಿಯವನು ಅವಳ ಜೋಳ ಮುಟ್ಟುವುದಿಲ್ಲ ಎಂದಿದ್ದ. ಇವಳ ಹಿಟ್ಟಿನ ಹಿಂದೆ ಊರಿನ ಹಿಟ್ಟಿಗೆ ರೋಗ ಬರುತ್ತದಂತೆ. ಕೂಲಿಗೂ ಕರೆಯುತ್ತಿರಲಿಲ್ಲ. ಕೇರಿಯ ನಳದಲ್ಲಿ ಕೇರಿಯವರೇ ಅವಳ ಕೊಡ ಕಡೆಗೆ ಇಡಿಸುತ್ತಿದ್ದರು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆ ಹುಟ್ಟಿಸಿತು. ನಮ್ಮವರಿಗೂ ಕೆಳಗೆ ಒಬ್ಬರು ಬೇಕಾಗಿದ್ದರು. ಸಿಕ್ಕರು.

ಒಳಗೆ ಭರಮು ಹರಕು ಕೌದಿಯ ಮೇಲೆ ಬಿದ್ದಿದ್ದ. ಹೊರೆ ಹೊತ್ತ ಮೈಯೇ ಇದು ಎಂದು ನಂಬಲು ಆಗುತ್ತಿರಲಿಲ್ಲ. ತೋಳಿನ ಒಳಮೈ ಕಪ್ಪು ಗಂಟುಗಳಾಗಿತ್ತು. ಒಂದು ಗಂಟು ಒಡೆದು ಕೀವು ಸೋರುತ್ತಿತ್ತು. ಕೋಣೆಯ ತುಂಬ ಆ ವಾಸನೆ.

“ಬಾರೋ ಬಿ.ಎ.,” ಎಂದ. ಊರಿನಲ್ಲಿ ನನ್ನ ಪದವಿಯನ್ನು ಸರಿಯಾಗಿ ಉಚ್ಚರಿಸುವವನು ಅವನೊಬ್ಬನೇ. “ನನ್ನ ನಕಲು ಮಾಡ್ತೀ ಅಂತ?”

“ಯಾರ ಹೇಳಿದ್ರಣ್ಣಾ?”

“ಊರಿಗೆಲ್ಲಾ ಗೊತ್ತೈತಿ. ನನಗಷ್ಟ ಗೊತ್ತಿರಬಾರದೇನು?” ಕೆಮ್ಮಿದ. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. “ನೋಡ್ಕೋ. ಕಡೀಕ ಹಿಂಗ ಒಂದ ಸೀಟಿ ಬರ್ತೈತಿ ಎದ್ಯಾಗ. ಅದನ್ನ ಬಿಡಬ್ಯಾಡ. ಅರ್ಧಾ ಮರ್ಧಾ ಮಾಡಿದ್ರ ನನ್ನ ಮರ್ಯಾದಿ ಹೋಗ್ತೈತಿ.”

ನಗಲು ನೋಡಿದೆ. ಆಗಲಿಲ್ಲ.

ರಾಮವ್ವ ಬೀಸುವುದನ್ನು ನಿಲ್ಲಿಸಿದಳು. “ಭೀಮಸಿ, ಆ ಭಟ್ಟ್ಯಾಗ ಮ್ಯಾಲ ಛಾವಣಿ ಇಲ್ಲ. ಗಾಳಿ ಹೊಳಿಕಡಿಂದ ಬರ್ತೈತಿ. ಅಲ್ಲಿ ಇವನ್ನ ಹಾಕಿದ್ರ ವಾರ ತಡ್ಯಾಂಗಿಲ್ಲ. ಸಾಯೂದು ಸಾಯ್ತಾನ, ನನಗೂ ಗೊತ್ತೈತಿ. ನನ್ನ ರಗತನೂ ನೋಡಸಬೇಕಂತ, ನೋಡಸ್ತೇನು. ಆದ್ರ ಸಾಯೂದ ಇಲ್ಲಿ, ಈ ಬಾಗಲದೊಳಗ. ನಾಯಿ ಸತ್ತ ಮ್ಯಾಲ ಎಳಕೊಂಡ ಹೋಗಿ ಒಗೀತಾರು. ಇವನ್ನ ಜೀವ ಇರೂವಾಗ ಒಗ್ಯಾಕ ಹೊಂಟಾರಲ್ಲ.”

“ನಾ ಏನ್ ಮಾಡ್ಲಿ ವೈನಿ?”

“ನೀ ಸಾಲಿ ಕಲ್ತಾಂವ. ನನ್ನ ಯಾಕ ಕೇಳ್ತಿ?” ಎಂದು ಮತ್ತೆ ಬೀಸತೊಡಗಿದಳು.

ಆಯ್ತವಾರ ಪಂಚಾಯಿತಿ ಮುಂದಿನ ಬಯಲಿನಲ್ಲಿ ಊರು ಕೂಡಿತು. ಖುರ್ಚಿಯ ಮೇಲೆ ರಾವಸಾಹೇಬರು. ತಟ್ಟಿನ ಮೇಲೆ ಊರವರು. ಬೇವಿನ ಮರದಾಚೆ ಮಣ್ಣಿನ ಮೇಲೆ ಕೇರಿಯವರು. ಅಲ್ಲಿ ಕೂಡ ರಾಮವ್ವನ ಸುತ್ತ ಒಂದಿಷ್ಟು ಜಾಗ ಖಾಲಿ. ಜೀಪಿನ ಮೈಗೆ ಪೋಸ್ಟರು ಅಂಟಿಸಿದ್ದರು. ಅದರಲ್ಲಿ ಮಲ್ಲಿಗೆ ಮುಡಿದ ಹೆಂಗಸು, ಅವಳ ಹಿಂದೆ ಅಸ್ಥಿಪಂಜರ. ಸೂಜಿಯ ಚಿತ್ರ ಒಂದು ಮೂಲೆಯಲ್ಲಿ, ಕಂಡೂ ಕಾಣದಷ್ಟು.

ಡಾಕ್ಟರು ಎಳೆಯ ವಯಸ್ಸಿನವರು, ತೆಂಕಣ ಸೀಮೆಯವರು. ಮಾತು ಪುಸ್ತಕದಂತಿತ್ತು. “ಬಂಧುಗಳೇ, ಈ ರೋಗವು ಮುಟ್ಟುವುದರಿಂದ ಬರುವುದಿಲ್ಲ. ಒಟ್ಟಿಗೆ ಉಣ್ಣುವುದರಿಂದ, ನೀರಿನಿಂದ, ಗಾಳಿಯಿಂದ ಬರುವುದಿಲ್ಲ. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರು ಬಳಸುವುದರಿಂದ ಬರುತ್ತದೆ. ಅಮಲಿಗಾಗಿ ಚುಚ್ಚಿಕೊಳ್ಳುವವರು ಹೆಚ್ಚು ಅಪಾಯದ ಗುಂಪಿಗೆ ಸೇರಿದವರು.”

ಗುಂಪು ಎಂದದ್ದೇ ತಡ, ಎಲ್ಲರ ಕತ್ತು ಬೇವಿನ ಮರದ ಕಡೆಗೆ ತಿರುಗಿತು. ಗುರಪ್ಪನೂ ತಿರುಗಿ ನೋಡಿದ. ಸತ್ಯಪ್ಪನೂ. ಮಾಯಪ್ಪನೂ. ಅವನ ಅಂಗಿಯ ತೋಳು ಮಣಿಕಟ್ಟಿನ ತನಕ ಇಳಿಬಿಟ್ಟಿತ್ತು. ಆ ಬಿಸಿಲಿನಲ್ಲಿ.

ರಾವಸಾಹೇಬರು ಕೈ ಎತ್ತಿದರು. “ಈಗ ನಮ್ಮ ಭೀಮ್ಯಾ ಭರಮ್ಯಾನ ನಕಲು ತೋರಸ್ತಾನ. ಬಾ ಬೇ.”

ನಾನು ಎದ್ದು ಮೈಕಿನ ಮುಂದೆ ಹೋದೆ. ಜನ ಆಗಲೇ ನಗಲು ಶುರು ಮಾಡಿದ್ದರು. ನಾನಿನ್ನೂ ಬಾಯಿ ತೆರೆದಿರಲಿಲ್ಲ. ಆ ಬಾಯಿಗಳನ್ನು ನೋಡಿದೆ. ಹಲ್ಲು, ತಂಬಾಕು, ಜೊಲ್ಲು. ಇಷ್ಟು ವರ್ಷ ಈ ಬಾಯಿಗಳಿಗೆ ಮೇವು ಹಾಕಿದ್ದೆ.

“ಭರಮುಂದು ಮಾಡಾಂಗಿಲ್ರಿ,” ಅಂದೆ. “ಅಂವ ಇನ್ನೂ ಜೀವಂತ ಅದಾನ. ನೋಡಬೇಕನಸಿದ್ರ ಮನಿಗೆ ಹೋಗಿ ನೋಡ್ರಿ.”

“ಏನಂದಿ?” ಎಂದರು ರಾವಸಾಹೇಬರು.

ಡಾಕ್ಟರು ತೋರಿಸಲೆಂದು ಮೇಜಿನ ಮೇಲೆ ಇಟ್ಟಿದ್ದ ಸಿರಿಂಜನ್ನು ನಾನು ಎತ್ತಿಕೊಂಡೆ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೆ. ಮೈಕನ್ನು ಕೆಳಗೆ ಎಳೆದುಕೊಂಡೆ. ಮೂಗಿನಲ್ಲಿ ಒಂದು ನಗೆ ನಕ್ಕೆ. ಬಾಬಾಸಾಹೇಬ ಮಾತಿಗೆ ಮೊದಲು ಹಾಗೇ ನಗುತ್ತಿದ್ದ.

“ಅರೇ ಥಾಂಬ್ರೋ, ತಡೀರೋ ಮಕ್ಕಳ್ರ್ಯಾ! ಹೊಸಾ ಸೂಜಿ. ಪಹಿಲಾ ಮಾಝಾ. ಮೊದಲ ನಂದು.”

ಸತ್ತವನ ದನಿ ಸ್ಪೀಕರಿನಿಂದ ಬಯಲಿನ ಮೇಲೆ ಹೋಯಿತು. ನಗು ಕತ್ತರಿಸಿದ ಹಾಗೆ ನಿಂತಿತು. ರಾವಸಾಹೇಬರ ದವಡೆ ಅಲ್ಲಾಡುವುದು ನಿಂತಿತು. ಹೆಂಗಸರ ಕಡೆಯಿಂದ ಬಾಬಾಸಾಹೇಬನ ಹೆಂಡತಿ ಸೋನಾಬಾಯಿ ತಲೆಯ ಸೆರಗು ಸರಿಸಿ ನನ್ನನ್ನು ನೋಡಿದಳು.

ಪಕ್ಕಕ್ಕೆ ಸರಿದು ಗುರಪ್ಪನಾದೆ. “ನಿಮ್ದಾದ ಮ್ಯಾಲ ನಂದ ರೀ ಸಾವಕಾರ್ರ. ಡ್ರೈವರ್ ಅದೇನಿ, ಸ್ಟೇರಿಂಗ್ ಯಾವಾಗ್ಲೂ ಮುಂದ.”

ಇನ್ನೊಂದು ಕಡೆ ಸರಿದೆ. ಸತ್ಯಪ್ಪನ ಸಣ್ಣ ದನಿ. “ನನಗೂ ಉಳಸ್ರೋ. ನೀರ ಬೆರಸಬ್ಯಾಡ್ರಿ ಮತ್ತ, ಹಾಲಿನಾಂವ ಅದೇನಿ, ನನಗ ತಿಳೀತೈತಿ.”

ಕುರಿ ತರುಬುವ ಹಾಗೆ ನಾಲಿಗೆ ಲೊಚಗುಟ್ಟಿಸಿದೆ. ಮಾಯಪ್ಪ. “ಕುರಿ ಕಾಯಾಂವ ಇದ್ರೇನಾತು, ಇವನಕಿಂತ ನಾ ಮುಂದ. ಸರಿಯೋ ಭರಮ್ಯಾ, ಮುಟ್ಟೀಗಿಟ್ಟಿ.”

ಕಡೆಗೆ ನೆಲಕ್ಕೆ ಸಿರಿಂಜು ಇಟ್ಟೆ. ಕುಕ್ಕರಗಾಲಿನಲ್ಲಿ ಹಿಂದೆ ಸರಿದೆ. ರೋಗದ ಭರಮು ಅಲ್ಲ, ಹೊರೆ ಹೊರುತ್ತಿದ್ದ ಭರಮು. “ಕೆಳಗ ಇಟ್ರೇನ್ರಿ? ಹೂಂರಿ. ತಗೋತೇನ್ರಿ. ಕೆಂಪಗ ಐತಲ್ರಿ ಧಣಿ? ಇರ್ಲಿ ಬಿಡ್ರಿ. ಇನ್ನೊಂದ ಟ್ರಾಲಿ ಐತಿ ಹೇರೂದು.”

ಮತ್ತೆ ಮೂಗಿನ ನಗೆ. “ಏ, ಅದನ್ನ ಹೊಳಿಗೆ ಒಗದ ಬಾ. ಭರಮ್ಯಾ ಮುಟ್ಟಿದ್ದು ಅದು.”

ಎದ್ದು ನಿಂತೆ. ಈಗ ನನ್ನದೇ ದನಿ.

“ಡಾಕ್ಟರ್ ಸಾಹೇಬ್ರ, ದಿನಾ ಹಿಂಗಽ ನಡೀತು. ಅವನ ಹಿಂದ ಯಾರೂ ತಗೊಳ್ಳಲಿಲ್ಲ. ಅಂವ ಎಲ್ಲಾರ ಹಿಂದ ತಗೊಂಡ. ಈಗ ಹೇಳ್ರಿ. ರೋಗ ಯಾರು ಯಾರಿಗೆ ಕೊಟ್ರು?”

ಡಾಕ್ಟರು ರಾವಸಾಹೇಬರ ಕಡೆ ನೋಡಿದರು. ಆಮೇಲೆ ಅವರ ಪುಸ್ತಕದ ಮಾತು ಸ್ವಲ್ಪ ಮುರಿಯಿತು. “ಹಾಗೇ ನಡೆದಿದ್ದರೆ… ಆ ಸೂಜಿಯ ಮೂಲಕ ಭರಮು ಅವರಿಂದ ಯಾರಿಗೂ ಬರಲು ಸಾಧ್ಯವಿಲ್ಲ. ಅವರಿಗೆ ತಮಗಿಂತ ಮೊದಲು ಚುಚ್ಚಿಕೊಂಡವರಿಂದ ಬಂದಿರಬೇಕು. ಮೊದಲಿನವರಲ್ಲಿ ಯಾರಿಗೆ ಇತ್ತೋ, ಅವರ ನಂತರ ಚುಚ್ಚಿಕೊಂಡ ಪ್ರತಿಯೊಬ್ಬರಿಗೂ ಅಪಾಯವಿದೆ. ಅವರೆಲ್ಲ ರಕ್ತ ಪರೀಕ್ಷೆ ಮಾಡಿಸಬೇಕು. ಅವರ ಹೆಂಡಂದಿರೂ.”

ರಾವಸಾಹೇಬರು ಖುರ್ಚಿ ಒದ್ದು ಎದ್ದರು. “ಮೈಕ್ ಬಂದ್ ಮಾಡ್ರಿ! ಸುಳ್ಳ ಇದು. ನನ್ನ ಮಗ ಸೂಜಿ ಮುಟ್ಟಿದಾಂವ ಅಲ್ಲ. ಕಾಮಾಲೀಲೆ ಹೋದ ಅಂವ. ಸತ್ತಾವ್ರ ಹೆಸರ ತಗೀತಿಯಾ ಸೂಳೇಮಗನ? ನಾಲಿಗಿ ಕೊಯ್ತೇನಿ.”

ಮೈಕಿನವನು ಬಂದ್ ಮಾಡಲಿಲ್ಲ. ಅವನೂ ಬಾಯಿ ತೆರೆದು ಕೂತಿದ್ದ.

ಆಗ ಸತ್ಯಪ್ಪ ಎದ್ದ. ಮುಖ ಹಾಲಿನಂತೆ ಬಿಳಿಚಿತ್ತು. “ಡಾಕ್ಟರ್ರ, ಹೊಸಾ ಸೂಜಿ ಮೊದಲ ತಗೊಂಡಾಂವಗ ಏನೂ ಆಗೂದಿಲ್ಲೇನ್ರಿ?”

“ಆ ಸೂಜಿಯಿಂದ ಆಗುವುದಿಲ್ಲ.”

“ಹಂಗಾದ್ರ ನಾನಽ ಮೊದಲ ತಗೋತಿದ್ದೆ!”

“ಏ ಬೊಗಳಬ್ಯಾಡ,” ಗುರಪ್ಪ ಚೀರಿದ. “ಮೊದಲ ನಂದಿತ್ತು. ಬಾಬಾಸಾಹೇಬ್ರಕಿಂತ ಮೊದಲ ನಾ ತಗೋತಿದ್ದೆ. ದೇವರಾಣಿ!”

“ನಿಮ್ಮೆಲ್ಲಾರಕಿಂತ ಮೊದಲ ನಾ,” ಎಂದ ಮಾಯಪ್ಪ. “ಕುರಿ ಮೇಯಾಕ ಬಿಟ್ಟು ಮುಂಜಾನೇನ ಬರ್ತಿದ್ದೆ!”

ಇಷ್ಟು ದಿನ ಆ ರೋಗ ತಮಗೆ ಬರುವುದೇ ಇಲ್ಲ ಎಂದವರು ಈಗ ಮೊದಲ ಪಾಳಿಗೆ ಒಬ್ಬರ ಅಂಗಿ ಒಬ್ಬರು ಹಿಡಿದಿದ್ದರು. ಎಲ್ಲರಿಗೂ ಬಾಬಾಸಾಹೇಬನಿಗಿಂತ ಮುಂದೆ ಹೋಗಬೇಕಿತ್ತು.

ಅದನ್ನು ರಾವಸಾಹೇಬರಿಗೆ ತಡೆಯಲಾಗಲಿಲ್ಲ. ಮಗನಿಗೆ ರೋಗ ಇತ್ತೆಂದರೆ ತಡೆದುಕೊಂಡಾರು. ಕುರಿ ಕಾಯುವವನು ಮಗನಿಗಿಂತ ಮುಂದೆ ಕೈ ಚಾಚಿದ ಎಂದರೆ ಹೇಗೆ ತಡೆದಾರು? ನನ್ನನ್ನು ನೂಕಿ ಮೈಕಿನ ಮುಂದೆ ಬಂದರು. ಕತ್ತಿನ ನರ ಉಬ್ಬಿದ್ದವು.

“ಯಾಂವಲೇ ಅಂವ? ನನ್ನ ಮಗನ ಮುಂದ ಕೈ ಚಾಚಿದ ಮಗಾ ಯಾಂವ? ಬಾಬಾ ಇರೂತನಕ ಮೊದಲ ಸೂಜಿ ಅವಂದೇ! ನಾ ಕಣ್ಣಾರೆ ನೋಡೇನಿ. ಅವಂದ ಆಗೂತನಕ ನೀವೆಲ್ಲಾ ನಾಯಿ ಕುಂತಂಗ ಬಾಯಿ ತಕ್ಕೊಂಡ ಕುಂತಿರತಿದ್ರಿ. ಅವನ ಹಿಂದ ಈ ಗುರ್‍ಯಾ, ಆಮ್ಯಾಲ ಹಾಲಿನಾಂವ, ಆಮ್ಯಾಲ ಕುರಿಯಾಂವ. ನನ್ನ ಮಗನ ಮುಂದ ಒಬ್ಬನೂ ಇಲ್ಲ. ಒಬ್ಬನೂ!”

ಸ್ಪೀಕರು ಅದನ್ನು ಹೊಳೆಯ ತನಕ ಮುಟ್ಟಿಸಿತು.

ಹೇಳಿ ಮುಗಿಸಿದ ಮೇಲೆ ಅವರಿಗೇ ಕೇಳಿಸಿತು. ಬಾಯಿ ಮುಚ್ಚಿತು. ಎಲೆಯಡಿಕೆಯ ರಸ ಗದ್ದದಿಂದ ಬಿಳಿ ಅಂಗಿಯ ಮೇಲೆ ಇಳಿಯಿತು. ಗುರಪ್ಪ, ಸತ್ಯಪ್ಪ, ಮಾಯಪ್ಪ ಹಿಡಿದ ಅಂಗಿ ಬಿಟ್ಟರು.

ಹೆಂಗಸರ ಕಡೆಯಿಂದ ಸೋನಾಬಾಯಿ ಎದ್ದು ಬಂದಳು. ಮಾವನ ಎದುರು ಅವಳು ಮಾತಾಡಿದ್ದನ್ನು ಊರು ಕೇಳಿರಲಿಲ್ಲ.

“ಮಾವಾರ, ಹಂಗಾದ್ರ ಕಾಮಾಲಿ ಅಂದಿದ್ರಲ್ಲ?”

ಅವರು ಖುರ್ಚಿ ಹುಡುಕಿದರು. ಅದು ಬಿದ್ದಿತ್ತು. ಯಾರೂ ಎತ್ತಿ ಕೊಡಲಿಲ್ಲ. ಸೋನಾಬಾಯಿ ಡಾಕ್ಟರ ಮೇಜಿನ ಮುಂದೆ ಹೋಗಿ ಬಳೆಯಿಲ್ಲದ ಕೈ ಚಾಚಿದಳು. “ತಗೀರಿ ನನ್ನ ರಗತ.”

ಭರಮುನನ್ನು ಭಟ್ಟಿಗೆ ಸಾಗಿಸಲು ಊರಿನ ಹೂಂ ಕೇಳುವವರು ಯಾರೂ ಉಳಿಯಲಿಲ್ಲ. ಜನ ಒಬ್ಬೊಬ್ಬರೇ ಎದ್ದು ಹೋದರು. ಹೋಗುವಾಗ ಆ ಮೂವರಿಂದ ದೂರ ಸರಿದು ಹೋದರು. ಡಾಕ್ಟರು ಮುಟ್ಟಿದರೆ ಬರುವುದಿಲ್ಲ ಎಂದು ಹೇಳಿ ಇನ್ನೂ ಗಂಟೆಯಾಗಿರಲಿಲ್ಲ.

ಸೋಮವಾರ ಟ್ರ್ಯಾಕ್ಟರು ಬಂತು.

ಬರುತ್ತದೆಂದು ನನಗೆ ಗೊತ್ತಿತ್ತು. ರಾವಸಾಹೇಬರು ಆಡಿದ ಮಾತು ಹಿಂದೆ ತೆಗೆದುಕೊಂಡವರಲ್ಲ. ನಾನು ಬೆಳಗಿನಿಂದಲೇ ಭರಮುನ ಬಾಗಿಲ ಮುಂದೆ ಕೂತಿದ್ದೆ. ಕೇರಿಯವರು ನಾಲ್ಕಾರು ಜನ ಬಂದು ನಿಂತರು. ನಿನ್ನೆ ತನಕ ಬಾರದವರು. ಅವರ ಮುಖ ನೋಡಲಿಲ್ಲ ನಾನು.

ಓಡಿಸಿಕೊಂಡು ಬಂದವನು ಗುರಪ್ಪ. ಹಿಂದೆ ಖಾಲಿ ಟ್ರಾಲಿ ಗಡಗಡ ಎನ್ನುತ್ತಿತ್ತು. ಬಾಗಿಲಿನ ಎದುರು ನಿಲ್ಲಿಸಿದ. ಇಂಜಿನ್ನು ಬಂದ್ ಮಾಡಲಿಲ್ಲ. ಇಳಿಯಲೂ ಇಲ್ಲ. ರಾತ್ರಿ ನಿದ್ದೆ ಮಾಡದ ಕಣ್ಣು. ಮೂಗು ಸೋರುತ್ತಿತ್ತು. ತೋಳಿನಲ್ಲಿ ಒರೆಸಿಕೊಂಡ.

“ಸಾವಕಾರ್ರು ಕಳಿಸ್ಯಾರ,” ಎಂದ.

ರಾಮವ್ವ ಬಾಗಿಲಿಗೆ ಬಂದಳು. ಕೈಗೆ ಹಿಟ್ಟು ಅಂಟಿತ್ತು. “ಕಳಿಸಿದ್ರ ಹೇರು. ಗಂಟು ಆಮ್ಯಾಲ. ಮೊದಲ ಅವನ್ನ ಎತ್ಕೋ. ನಿನ್ನ ಕೈಲೆ ಎತ್ಕೋ. ಇಷ್ಟ ವರ್ಷ ಅಂವ ನಿನ್ನ ಟ್ರಾಲಿಗೆ ಹೇರಿದ. ಇವತ್ತ ನೀ ಹೇರು.”

ಗುರಪ್ಪ ಸ್ಟೇರಿಂಗ್ ಬಿಡಲಿಲ್ಲ.

“ಎತ್ತಾಂಗಿಲ್ಲೇನು?” ಎಂದಳು.

ಅವನು ಸುತ್ತ ನೋಡಿದ. ಆಮೇಲೆ ಇಂಜಿನ್ನಿನ ಸದ್ದಿನ ಕೆಳಗೆ, ಅವಳಿಗೆ ಮಾತ್ರ ಕೇಳಲೆಂದು ಕೇಳಿದ. ನನಗೂ ಕೇಳಿಸಿತು.

“ರಾಮವ್ವಾ… ಅವಗ ಮೊದಲ ಏನಾತು? ಕೆಮ್ಮ ಮೊದಲ ಬಂತೋ, ಬಾಯಿಹುಣ್ಣು ಮೊದಲೋ?”

ಅವನು ತುಟಿ ತೆರೆದಿದ್ದ. ನಾಲಿಗೆಯ ಅಂಚು ಕಾಣುತ್ತಿತ್ತು. ಬೆಳ್ಳಗಿತ್ತು. ನನಗೆ ಕನಿಕರ ಬರಲಿಲ್ಲ. ಚಹಾದಂಗಡಿಯಲ್ಲಿ ಅವನು ನಕ್ಕ ನಗು ಇನ್ನೂ ಕಿವಿಯಲ್ಲಿತ್ತು.

ರಾಮವ್ವ ಬಾಗಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.

“ಟ್ರ್ಯಾಕ್ಟರ್ ಮ್ಯಾಲ ಕುಂತ ಕೇಳಬ್ಯಾಡ. ಅಂವ ಒಳಗ ಅದಾನ. ಬಂದು ಅವನ್ನ ಕೇಳು.”

ಗುರಪ್ಪ ಇಂಜಿನ್ನು ಬಂದ್ ಮಾಡಿದ. ಇಳಿದ. ಮೇಲಿನವರಲ್ಲಿ ನಮ್ಮ ಬಾಗಿಲುಗಳ ಮುಂದೆ ನಿಂತು ಕೂಗುವವರನ್ನು ಕಂಡಿದ್ದೆವು. ಒಳಗೆ ಬಂದವರನ್ನು ಕಂಡಿರಲಿಲ್ಲ. ಅವನು ತಗ್ಗಿನ ಬಾಗಿಲಿಗೆ ತಲೆ ಬಗ್ಗಿಸಿದ.

ರಾಮವ್ವ ಹಿಟ್ಟಿನ ಕೈಯನ್ನು ಬಾಗಿಲಿಗೆ ಅಡ್ಡ ಇಟ್ಟಳು.

“ಚಪ್ಪಲಿ ಬಿಟ್ಟು ಬಾ.”